ನನ್ನ ಮೊಣಕೈಯ ಜರ್ಮನಿ ಪ್ರವಾಸ

ಅರಂತೋಡು, ಹೊರಡುವ ಮೊದಲು

ಜರ್ಮನಿಗೆ ಹೋಗಿ ಬಂದವರು ಅಲ್ಲಿನ ಕೋಟೆ, ನದಿ, ಹೊತ್ತಿಗೆ ಸರಿಯಾಗಿ ಬರುವ ರೈಲುಗಳ ಬಗ್ಗೆ ಬರೆಯುತ್ತಾರೆ. ಕೋಟೆಯನ್ನು ನಾನೂ ನೋಡಿದ್ದೇನೆ, ಬಾಲ್ಕನಿಯಲ್ಲಿ ಮಗುವಿನ ಬಟ್ಟೆ ಒಣಗಲು ಹಾಕುವಾಗ, ದೂರದಿಂದ. ನದಿಯ ಹೆಸರು ಬಾಯಿಗೆ ಬರಲಿಲ್ಲ. ರೈಲು ತಡವಾಗಿಯೇ ಬಂತು. ನಾನು ಹೋದದ್ದು ಊರು ನೋಡಲಿಕ್ಕಲ್ಲ, ತಂಗಿಯ ಮಗಳು ಪೂರ್ಣಿಮಾಳ ಬಾಣಂತನಕ್ಕೆ. ಅವಳೂ ಅವಳ ಗಂಡ ಸತೀಶನೂ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನರ್ಸುಗಳು.

ಬಾಣಂತನಕ್ಕೆ ಹೆತ್ತ ತಾಯಿ ಹೋಗುವುದು ಕ್ರಮ. ನನ್ನ ತಂಗಿ ಲಲಿತಳಿಗೆ ಮೊಣಕಾಲು ನೋವು, ವಿಮಾನದಲ್ಲಿ ಅಷ್ಟು ಹೊತ್ತು ಕೂರಲಾಗದು ಎಂದು ನೆಂಟರಿಗೆಲ್ಲ ಹೇಳಿ ಆಗಿತ್ತು. ಅದೇ ವಾರ ಅವಳು ಕಡಬದ ಒಂದು ಮದುವೆಯಲ್ಲಿ ಮೂರು ಪಂಕ್ತಿಗೆ ಪಾಯಸ ಬಡಿಸಿದ್ದನ್ನು ಅದೇ ನೆಂಟರು ನೋಡಿದ್ದರು. ಅಸಲಿಗೆ ನೋವಿದ್ದದ್ದು ಅವಳ ಗಂಡ ಕುಶಾಲಪ್ಪನಿಗೆ. ನೋವಿನ ಜಾಗ ಮೊಣಕಾಲಲ್ಲ, ಮರ್ಯಾದೆ.

ಅದರ ಕಥೆ ಹೇಳದೆ ಈ ಪ್ರವಾಸ ಮುಂದೆ ಹೋಗುವುದಿಲ್ಲ. ಆರೇಳು ವರ್ಷದ ಹಿಂದೆ ಪೂರ್ಣಿಮಾ ನರ್ಸಿಂಗ್ ಮುಗಿಸಿದಾಗ ಸರ್ಟಿಫಿಕೇಟಿಗೆ ಸಹಿ ಹಾಕಿಸಲು ನಾನು ಅವಳ ಜೊತೆ ಪುತ್ತೂರಿಗೆ ಹೋಗಿದ್ದೆ. ಅವಳ ಕ್ಲಾಸಿನ ಇರ್ಫಾನ್ ಅದೇ ಕೆಲಸಕ್ಕೆ ತನ್ನ ತಾಯಿ ಐಸಮ್ಮನನ್ನು ಕರೆದುಕೊಂಡು ಬಂದಿದ್ದ. ಐಸಮ್ಮನಿಗೆ ಕುಂಬ್ರದಲ್ಲಿ ಬಟ್ಟೆ ಅಂಗಡಿ ಉಂಟು. ನನ್ನ ರವಿಕೆ ಕಣಗಳೆಲ್ಲ ಅವಳಲ್ಲಿಯವೇ. ಕೆಲಸ ಮುಗಿದ ಮೇಲೆ ನಾಲ್ವರೂ ಐಸ್‌ಕ್ರೀಂ ಅಂಗಡಿಗೆ ಹೋಗಿ ಒಂದೇ ಮೇಜಿನಲ್ಲಿ ಕೂತು ಗಡ್‌ಬಡ್ ತಿಂದೆವು. ಇರ್ಫಾನ್ ತನ್ನ ಗ್ಲಾಸಿನ ಚೆರಿಯನ್ನು ಪೂರ್ಣಿಮಾಳ ಗ್ಲಾಸಿಗೆ ಹಾಕಿದ. ಅವನಿಗೆ ಚೆರಿ ಆಗುವುದಿಲ್ಲ, ಅಷ್ಟೇ.

ಪಕ್ಕದ ಮೇಜಿನಿಂದ ಯಾರೋ ಅದನ್ನು ವಿಡಿಯೋ ಮಾಡಿದರು. ಸಂಜೆ ನಾವು ಸುಳ್ಯದಲ್ಲಿ ಬಸ್ಸು ಇಳಿಯುವ ಮೊದಲೇ ಅದು ಅರಂತೋಡಿಗೆ ತಲುಪಿತ್ತು. ಅದರಲ್ಲಿ ಒಬ್ಬಳು ಹುಡುಗಿ, ಒಬ್ಬ ಹುಡುಗ, ಒಂದು ಚೆರಿ. ಎಡಗಡೆ ಅಂಚಿನಲ್ಲಿ ಹಸಿರು ಬಳೆ ಹಾಕಿದ ನನ್ನ ಮೊಣಕೈ, ಬಲಗಡೆ ಅಂಚಿನಲ್ಲಿ ಐಸಮ್ಮನ ಕೊಡೆಯ ಹಿಡಿ. ನಾವಿಬ್ಬರೂ ಸಣ್ಣ ಆಳುಗಳಲ್ಲ. ನಮ್ಮಿಬ್ಬರನ್ನೂ ಹೊರಗಿಟ್ಟು ಆ ಮೇಜಿನ ವಿಡಿಯೋ ಮಾಡಬೇಕಾದರೆ ಮಾಡಿದವನಿಗೆ ಒಳ್ಳೆಯ ಕೈಚಳಕ ಇದ್ದಿರಬೇಕು. ಕೆಳಗೊಂದು ಪ್ರೇಮಗೀತೆ ಸೇರಿಸಿ, ಮೇಲೆ ಅವಳ ಹೆಸರು, ಕಾಲೇಜಿನ ಹೆಸರು ಹಾಕಿ, "ನಮ್ಮ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಿದ್ದಾರೆ?" ಎಂದು ಕೇಳಿದ್ದರು. ದೊಡ್ಡವ್ವನ ಜೊತೆ ಐಸ್‌ಕ್ರೀಂ ತಿನ್ನಲಿಕ್ಕೆ ಎಂದು ನಾನು ಉತ್ತರ ಕೊಡಬಹುದಿತ್ತು. ಕೊಟ್ಟೆ ಕೂಡ. ಸಿಕ್ಕಿದವರಿಗೆಲ್ಲ "ಇದು ನನ್ನ ಮೊಣಕೈ, ನಾನು ಅಲ್ಲೇ ಇದ್ದೆ" ಎಂದು ಕೈ ಎತ್ತಿ ತೋರಿಸಿದೆ. "ಪಾಪ, ದೊಡ್ಡವ್ವ ಅಲ್ವಾ, ಮುಚ್ಚಿಡ್ಲಿಕ್ಕೆ ನೋಡುದು" ಎಂದರು ಜನ.

ಇಚಿಲಂಪಾಡಿಯಿಂದ ಬರಬೇಕಾಗಿದ್ದ ಸಂಬಂಧ ನಿಂತಿತು. ಇರ್ಫಾನ್ ಗಲ್ಫಿಗೆ ಹೋದ. ಕುಶಾಲಪ್ಪ ಮಗಳ ಹತ್ತಿರ ಮಾತು ಬಿಟ್ಟ. ಮಗಳು ಜರ್ಮನ್ ಭಾಷೆ ಕಲಿತು ದೇಶವನ್ನೇ ಬಿಟ್ಟಳು. ಅಲ್ಲಿಯೇ ಹಾಸನದ ಸತೀಶನನ್ನು ಮದುವೆಯಾದಳು. ವಿಡಿಯೋ ಮಾಡಿದವನು ಮಾತ್ರ ಎಲ್ಲಿಗೂ ಹೋಗಬೇಕಾಗಿ ಬರಲಿಲ್ಲ. ಅವನು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಖಾಸಗಿತನ ಎಂದರೆ ಅದು.

ವೀಸಾಕ್ಕೆ ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋದಾಗ ಯಂತ್ರ ನನ್ನನ್ನು ಒಪ್ಪಲಿಲ್ಲ. ಬೂದಿ, ಸಾಬೂನು, ತೆಂಗಿನ ನಾರು ಸೇರಿ ಬೆರಳ ಗೆರೆಗಳನ್ನು ಎಂದೋ ತಿಕ್ಕಿಬಿಟ್ಟಿವೆ. ನಮ್ಮ ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೂ ನಾನು ನಾನಲ್ಲ. ತಿಂಗಳಿಗೊಮ್ಮೆ ಅಲ್ಲಿ ನಿಂತು ಹೆಬ್ಬೆರಳನ್ನು ಸೆರಗಿಗೆ ಒರೆಸಿ, ಉಫ್ ಎಂದು ಊದಿ, ದೇವರನ್ನು ನೆನೆದು ಒತ್ತಬೇಕು. ಯಂತ್ರಕ್ಕೆ ನನ್ನ ಹೆಬ್ಬೆರಳಿನ ಮೇಲೆ ನಂಬಿಕೆ ಇಲ್ಲ, ಊರಿಗೆ ನನ್ನ ಮೊಣಕೈಯ ಮೇಲೆ. ಆದರೂ ಸುಬ್ರಾಯ ದೇವರ ದಯೆ, ವೀಸಾದ ಹುಡುಗಿ ನಾಲ್ಕನೆಯ ಸಲಕ್ಕೆ "ಬಂತು ಆಂಟಿ" ಎಂದಳು.

ಜರ್ಮನಿ: ಹೊಗೆ ಮತ್ತು ಮಂಜು

ಮಗುವನ್ನು ಮೀಯಿಸಿದ ಮೇಲೆ ಸಾಂಬ್ರಾಣಿ ಹೊಗೆ ಹಾಕುವುದು ನಮ್ಮ ಕ್ರಮ. ಮೊದಲ ದಿನವೇ ಹಾಕಿದೆ. ಮಾಡಿನಲ್ಲಿದ್ದ, ಹೊಗೆ ಕಂಡರೆ ಕೂಗುವ ಒಂದು ಬಿಳಿ ತಟ್ಟೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅರಚಿತು. ಕೆಳಗಿನ ಮನೆಯ ಅಜ್ಜಿ ಓಡಿಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಮೂಗು ಏರಿಸಿ ಸಾಂಬ್ರಾಣಿ ಮೂಸಿ, "ಚರ್ಚಿನ ವಾಸನೆ" ಎಂದಳಂತೆ. ಪೂರ್ಣಿಮಾ ಅನುವಾದ ಮಾಡಿ ಹೇಳಿದಳು. ದೇವರು ಎಲ್ಲ ದೇಶದಲ್ಲೂ ಒಂದೇ ಹೊಗೆ ಕುಡಿಯುತ್ತಾನೆ ಎಂದು ನನಗೆ ಸಮಾಧಾನವಾಯಿತು. ಅಜ್ಜಿಯ ಹೆಸರು ಉರ್ಸುಲಾ. ಆಮೇಲೆ ದಿನಾ ಮಧ್ಯಾಹ್ನ ಹೊಗೆಯ ಹೊತ್ತಿಗೆ ಮೇಲೆ ಬರತೊಡಗಿದಳು.

ನಾನಿರುವ ಮನೆ ನೋಡಬೇಕೆಂದು ಊರಿನಲ್ಲಿದ್ದ ನಮ್ಮವರು, ಎಂದರೆ ನನ್ನ ಗಂಡ, ಮೊಬೈಲಿನ ಮ್ಯಾಪಿನಲ್ಲಿ ಹುಡುಕಿದರು. ಬೀದಿ ಕಂಡಿತಂತೆ, ಮರ ಕಂಡಿತಂತೆ, ಮನೆಯಿರುವ ಜಾಗದಲ್ಲಿ ಬರೀ ಮಸುಕು. "ಅಲ್ಲಿ ಅಷ್ಟು ಮಂಜು ಉಂಟಾ?" ಎಂದು ಫೋನು ಮಾಡಿ ಕೇಳಿದರು. ಮಂಜಲ್ಲ, ಉರ್ಸುಲಾ. ತನ್ನ ಮನೆಯ ಗೋಡೆಯನ್ನು ಜಗತ್ತು ನೋಡಕೂಡದೆಂದು ಮ್ಯಾಪಿನವರಿಗೆ ಬರೆದು ಇಡೀ ಕಟ್ಟಡವನ್ನೇ ಮಸುಕು ಮಾಡಿಸಿದ್ದಳು. ಅಲ್ಲಿ ಅದಕ್ಕೂ ಅವಕಾಶ ಉಂಟಂತೆ. ನಮ್ಮಲ್ಲಿ ಮನೆಯ ಒಕ್ಕಲು ಎಂದರೆ ಡ್ರೋನು ಹಾರಿಸಿ ಬಚ್ಚಲಿನ ಒಲೆಯವರೆಗೆ ವಿಡಿಯೋ ಮಾಡಿ ತಾಲೂಕಿಗೆ ಹಂಚುತ್ತೇವೆ.

ಉರ್ಸುಲಾ ಅಜ್ಜಿಯನ್ನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ಕಾಗದ ಹಾಕುವ ಡಬ್ಬಿಗೆ ಯಾರು ಪ್ಲಾಸ್ಟಿಕ್ ಹಾಕಿದರು, ಮೂರನೆಯ ಮಾಳಿಗೆಯವನ ಮನೆಗೆ ಯಾವ ಹೆಂಗಸು ಬಂದಳು, ಎಷ್ಟು ಹೊತ್ತಿಗೆ ಹೋದಳು, ಎಲ್ಲ ಅವಳಿಗೆ ಗೊತ್ತು. ಮೆಟ್ಟಿಲಲ್ಲಿ ಸಿಕ್ಕಿದವರಿಗೆ ಹೇಳುತ್ತಲೂ ಇದ್ದಳು. ನಮ್ಮ ಊರಿನ ಯಾವ ಹೆಂಗಸಿಗೂ ಅವಳು ಕಡಿಮೆಯಲ್ಲ. ವ್ಯತ್ಯಾಸ ಇಷ್ಟೇ: ಅವಳು ಹೇಳಿದ್ದು ಮೆಟ್ಟಿಲಲ್ಲೇ ಸಾಯುತ್ತಿತ್ತು.

ಟ್ರಾಮ್ ನಿಲ್ದಾಣದಲ್ಲಿ

ಒಂದು ದಿನ ಸತೀಶನ ಜೊತೆ ಮಗುವಿನ ಸಾಮಾನು ತರಲು ಹೋದೆ. ಟ್ರಾಮ್ ಎಂದರೆ ರಸ್ತೆಯ ಮೇಲೆ ಓಡುವ ಸಣ್ಣ ರೈಲು. ಅದಕ್ಕೆ ಕಾಯುವಾಗ ಎದುರಿಗೆ ತಳ್ಳುಗಾಡಿಯಲ್ಲಿ ಒಂದು ಮಗು, ಜೋಳದ ಕೂದಲಿನಂಥ ತಲೆ. ಗಂಟು ಹಾಕಿದ ಒಂದು ದೊಡ್ಡ ರೊಟ್ಟಿಯನ್ನು ಬಳೆಯ ಹಾಗೆ ಕೈಗೆ ಏರಿಸಿಕೊಂಡು ಒಂದು ಬದಿಯಿಂದ ತಿನ್ನುತ್ತಿತ್ತು. ಕೃಷ್ಣನನ್ನೇ ನೋಡಿದ ಹಾಗಾಯಿತು. ಫೋಟೋ ತೆಗೆದೆ. ತೆಗೆದದ್ದನ್ನು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹಾಕಿ ತಲೆ ಎತ್ತುವಾಗ ಮಗುವಿನ ತಾಯಿ ಎದುರಿಗೆ ನಿಂತಿದ್ದಳು.

ಅವಳು ಸ್ವರ ಏರಿಸಲಿಲ್ಲ. ಅದಕ್ಕೇ ಹೆದರಿಕೆಯಾದದ್ದು. ಸತೀಶ ಕೆಂಪಾಗಿ, "ದೊಡ್ಡಮ್ಮ, ಫೋಟೋ ಅಳಿಸಬೇಕಂತೆ" ಎಂದ. ಅಳಿಸಿದೆ. ಅಳಿಸಿದ ಫೋಟೋಗಳು ಹೋಗಿ ಕೂರುವ ಜಾಗ ಒಂದು ಮೊಬೈಲಿನಲ್ಲಿ ಉಂಟಂತೆ, ನನಗೇ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಅಲ್ಲಿಂದಲೂ ತೆಗೆಸಿದಳು. ಅಲ್ಲಿ ಅವಳಿಗೆ ನಮ್ಮ ಊರಿನ ಅಡಿಗೆಯವರು ಸಾಲಾಗಿ ನಿಂತ ಫೋಟೋ, ಅರಶಿನ ಕಾಮಾಲೆಯ ಮದ್ದು, ನಮ್ಮವರ ಬಿಪಿ ರಿಪೋರ್ಟು ಎಲ್ಲ ಕಂಡಿತು. ನನ್ನ ಖಾಸಗಿತನ ಹೋಯಿತು, ಅವಳದ್ದು ಉಳಿಯಿತು. ಕೊನೆಗೆ ನಕ್ಕು, ಒಳ್ಳೆಯ ದಿನವಾಗಲಿ ಎಂದು ಹೇಳಿ ಹೋದಳು.

ಗುಂಪಿಗೆ ಹಾಕಿದ್ದನ್ನು ಟ್ರಾಮಿನಲ್ಲಿ ಕೂತು ನಾನೇ ಅಳಿಸಿದೆ. ಕೈಮುಗಿದು, ದೇವರೇ ಪಾರು ಮಾಡಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮೋನಪ್ಪ ಮಾವನ ಶುಭೋದಯ ಬಂತು. ಇಚಿಲಂಪಾಡಿಯ ಮೋನಪ್ಪ ಮಾವ ನಿವೃತ್ತರಾದ ಮೇಲೆ ಕಡಬ ತಾಲೂಕಿನಲ್ಲಿ ಸೂರ್ಯ ಅವರನ್ನು ಕೇಳದೆ ಹುಟ್ಟುವುದಿಲ್ಲ. ಆ ದಿನದ ಶುಭೋದಯದಲ್ಲಿ ಕೆಳಗೆ ಎರಡು ಗುಲಾಬಿ, ಮೇಲೆ "ಮಗುವಿನ ನಗುವಿನಲ್ಲಿ ದೇವರಿದ್ದಾನೆ", ನಡುವೆ ರೊಟ್ಟಿಯ ಬಳೆ ತೊಟ್ಟ ಅದೇ ಮಗು.

ಫೋನು ಮಾಡಿದೆ. "ಮಾವ, ಆ ಫೋಟೋ ತೆಗಿರಿ ಒಮ್ಮೆ. ಮಗುವಿನ ತಾಯಿ ಬೇಡ ಹೇಳಿದ್ದಾಳೆ."

"ಎಂತಕ್ಕೆ ಮಾರಾಯ್ತಿ? ಒಳ್ಳೆ ಚಂದ ಉಂಟಲ್ಲ. ನಾನು ಎಲ್ಲ ಗ್ರೂಪಿಗೂ ಹಾಕಿ ಆಯ್ತು."

"ಅವಳಿಗೆ ಇಷ್ಟ ಇಲ್ಲಂತೆ."

"ಅವಳಿಗೆ ಹೇಗೆ ಗೊತ್ತಾಗುದು? ಅವಳೆಂತ ಕಡಬಕ್ಕೆ ಬರ್ತಾಳಾ? ನೀನು ಜರ್ಮನಿಗೆ ಹೋದದ್ದೇ ಹೋದದ್ದು, ಭಾರೀ ಕಾನೂನು ಮಾತಾಡ್ತಿ."

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ವಾರದ ಮೇಲೆ ಅದೇ ಫೋಟೋ ಬೇರೆ ಗುಂಪಿನಿಂದ ನನಗೇ ತಿರುಗಿ ಬಂತು. ಈ ಸಲ ಗುಲಾಬಿ ಇರಲಿಲ್ಲ. "ಈ ಮಗು ಸುಬ್ರಹ್ಮಣ್ಯದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದೆ. ತಂದೆ ತಾಯಿಗೆ ತಲುಪುವ ವರೆಗೆ ಶೇರ್ ಮಾಡಿ." ಕೆಳಗೆ ನಮ್ಮ ಭಜನೆಯ ಹೆಂಗಸರು "ಪಾಪ, ಯಾರ ಮಗುವೋ", "ದೇವರು ಕಾಪಾಡಲಿ" ಎಂದು ಕೈಮುಗಿದಿದ್ದರು. ಒಬ್ಬರು ಮಗುವಿನ ಮೂಗು ನೋಡಿ ಮಡಿಕೇರಿ ಕಡೆಯದ್ದಿರಬೇಕು ಎಂದಿದ್ದರು.

ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಾ ಪೂರ್ಣಿಮಾಳಿಗೆ ತೋರಿಸಿದೆ. ಅವಳು ನಗಲಿಲ್ಲ. ಮೊಬೈಲು ತಿರುಗಿ ನನ್ನ ಕೈಗೆ ಕೊಟ್ಟು, "ನಂದೂ ಹೀಗೇ ಹೋದದ್ದು ದೊಡ್ಡವ್ವ" ಎಂದಳು.

ಅಡುಗೆಮನೆಯ ಮೇಜು

ಆ ಮಧ್ಯಾಹ್ನ ಅವಳು ತನ್ನ ಹೆಸರನ್ನು ಮೊಬೈಲಿನಲ್ಲಿ ಟೈಪು ಮಾಡಿ ತೋರಿಸಿದಳು. ಹೆಸರಿನ ಹಿಂದೆ ಕಾಲೇಜು ಹಾಕಬೇಕೆಂದೂ ಇಲ್ಲ, ಪುತ್ತೂರು ಎಂದು ಹಾಕಿದರೆ ಸಾಕು. ಮೊದಲು ಬಂದದ್ದೇ ಐಸ್‌ಕ್ರೀಂ. ಅವಳು ಅಷ್ಟು ಜನರ ಪ್ರಾಣ ಉಳಿಸಿದ್ದಾಳೆ, ಪರದೇಶದ ಭಾಷೆಯಲ್ಲಿ ಪರೀಕ್ಷೆ ಪಾಸು ಮಾಡಿದ್ದಾಳೆ, ಅದೆಲ್ಲ ಎಲ್ಲೂ ಇಲ್ಲ. ಚೆರಿ ಮಾತ್ರ ಉಂಟು.

"ಆಸ್ಪತ್ರೆಯಲ್ಲಿ ಹೊಸತಾಗಿ ಬಂದ ಕೇರಳದ ಹುಡುಗಿ ಒಬ್ಬಳು ಇದನ್ನು ನೋಡಿ ನನ್ನತ್ರವೇ ಕೇಳಿದ್ಲು, ಇದು ನೀನಾ ಅಂತ" ಎಂದಳು. ಆಮೇಲೆ ಸೀರೆಯ ತೊಟ್ಟಿಲಿನಲ್ಲಿ ಮಲಗಿದ್ದ ಮಗಳ ಕಡೆ ನೋಡಿ, "ಇವಳು ಓದ್ಲಿಕ್ಕೆ ಕಲಿತ ದಿನ ಅವ್ವನ ಹೆಸರು ಒತ್ತಿ ನೋಡ್ತಾಳೆ. ಅಷ್ಟರೊಳಗೆ ಇದು ಹೋಗ್ಬೇಕು ದೊಡ್ಡವ್ವ" ಎಂದಳು.

ಹೆರಿಗೆಗೆ ಮೊದಲೇ ಅವಳು ಬೆಂಗಳೂರಿನ ಒಬ್ಬ ಲಾಯರಮ್ಮನ ಹತ್ತಿರ ಮಾತನಾಡಿದ್ದಳು. ಹೈಕೋರ್ಟಿಗೆ ಅರ್ಜಿ ಹಾಕಿ, ಹೆಸರು ಹುಡುಕಿದಾಗ ಆ ವಿಡಿಯೋ ಬಾರದ ಹಾಗೆ ಮಾಡಿಸುವುದು. ಅದಕ್ಕೆ ಆ ಮೇಜಿನಲ್ಲಿ ಕೂತಿದ್ದ ಒಬ್ಬರು ಪ್ರಮಾಣ ಮಾಡಿ ಹೇಳಿದರೆ ಬಲ ಬರುತ್ತದಂತೆ. ಇರ್ಫಾನನನ್ನು ಮತ್ತೆ ಎಳೆಯಲು ಪೂರ್ಣಿಮಾಳಿಗೆ ಮನಸ್ಸಿಲ್ಲ. ಉಳಿದದ್ದು ಒಂದು ಮೊಣಕೈ, ಒಂದು ಕೊಡೆ.

ಲಾಯರಮ್ಮ ವಿಡಿಯೋ ಕಾಲಿಗೆ ಬಂದರು. ಚಿಕ್ಕ ಪ್ರಾಯ, ದೊಡ್ಡ ಕನ್ನಡಕ.

"ಅಮ್ಮ, ಆ ಮೊಣಕೈ ನಿಮ್ಮದೇ ಅಂತ ಹೇಗೆ ಹೇಳ್ತೀರಿ?"

"ನನ್ನ ಮೊಣಕೈ ನನಗೆ ಗೊತ್ತಾಗುದಿಲ್ವಾ? ಹಲಸಿನ ಹಪ್ಪಳ ಕಾಯಿಸುವಾಗ ಎಣ್ಣೆ ಹಾರಿದ ಕಲೆ ಉಂಟು. ನೋಡಿ." ಕೈಯನ್ನು ಕ್ಯಾಮೆರಾಕ್ಕೆ ಹಿಡಿದೆ. ಆರೇಳು ವರ್ಷದಲ್ಲಿ ನನ್ನ ಮೊಣಕೈಯನ್ನು ಆಸಕ್ತಿಯಿಂದ ನೋಡಿದ ಮೊದಲನೆಯ ಮನುಷ್ಯಳು ಅವರು.

ಸಂವಿಧಾನದಲ್ಲಿ ಖಾಸಗಿತನ ಎಂಬ ಶಬ್ದವೇ ಇಲ್ಲ ಎಂದು ಅವರು ಹೇಳಿದಾಗ, ಹಾಗಾದರೆ ಸೋತೆವು ಎಂದೆ. "ಮೊಬೈಲೂ ಇಲ್ಲ, ವಿಡಿಯೋನೂ ಇಲ್ಲ ಅಮ್ಮ. ಬರೆದವರ ಕಾಲದಲ್ಲಿ ಅವೆಲ್ಲ ಎಲ್ಲಿದ್ದವು? ಆದರೆ ಜೀವ ಮತ್ತು ಸ್ವಾತಂತ್ರ್ಯ ಅಂತ ಇದೆ. ಮನುಷ್ಯನ ಜೀವ ಅಂದ್ರೆ ಬರೀ ಉಸಿರಲ್ಲ, ಮಾನದಿಂದ ಬದುಕೋದೂ ಅದರೊಳಗೇ ಇದೆ, ಖಾಸಗಿತನವೂ ಅದರೊಳಗೇ ಇದೆ ಅಂತ ಸುಪ್ರೀಂ ಕೋರ್ಟು ಹೇಳಿದೆ." ಹಾಗಾದರೆ ಗೆದ್ದೆವು ಎಂದೆ. ಅವರು ನಕ್ಕರು. ಹಳತನ್ನು ಅಳಿಸಲು ಕೆಲವು ಕೋರ್ಟುಗಳು ಒಪ್ಪಿವೆಯಂತೆ, ಕೆಲವು ಒಪ್ಪಿಲ್ಲವಂತೆ. ಜನರಿಗೆ ತಿಳಿಯುವ ಹಕ್ಕೂ ಉಂಟಲ್ಲ, ದೊಡ್ಡ ಮನುಷ್ಯರು ತಮ್ಮ ಕಳ್ಳತನವನ್ನೂ ಹೀಗೇ ಅಳಿಸಿಕೊಂಡರೆ? ಪ್ರತಿಯೊಂದನ್ನೂ ತೂಗಿ ನೋಡಬೇಕು, ದಾರಿ ಇನ್ನೂ ಸವೆದಿಲ್ಲ ಎಂದರು.

ನಾನು ತೊಟ್ಟಿಲು ತೂಗುತ್ತಾ ಯೋಚಿಸಿದೆ. ಆ ತೊಟ್ಟಿಲು ನನ್ನ ಅವ್ವನ ಹತ್ತಿ ಸೀರೆ. ಅವ್ವ ಅದನ್ನು ಉಟ್ಟಳು, ಹೊದ್ದಳು, ಹಳತಾದ ಮೇಲೆ ಅದರಲ್ಲಿ ಹಪ್ಪಳ ಒಣಗಿಸಿದಳು. ಈಗ ಜರ್ಮನಿಯಲ್ಲಿ ಅದರೊಳಗೆ ಮರಿಮಗಳು ಮಲಗಿದ್ದಾಳೆ. ನೇಯ್ದವನು ಇದನ್ನೆಲ್ಲ ಕನಸು ಕಂಡಿದ್ದನೇ? ನೂಲು ಗಟ್ಟಿ ಹಾಕಿದ್ದ, ಅಷ್ಟೇ. ಸಂವಿಧಾನ ಬರೆದವರೂ ನೂಲು ಗಟ್ಟಿ ಹಾಕಿದ್ದಾರೆ ಎಂದು ನನಗೆ ಕಂಡಿತು. ಯಾವ ಮಗುವನ್ನು ಮಲಗಿಸುವುದು ಎಂದು ನೋಡಬೇಕಾದವರು ಈಗಿನವರು.

ಹೊಗೆಯ ಹೊತ್ತಿಗೆ ಬಂದ ಉರ್ಸುಲಾ ಅಜ್ಜಿಗೆ ಪೂರ್ಣಿಮಾ ಇದನ್ನು ಹೇಳಿದಳು. ಅಜ್ಜಿಗೆ ಉತ್ಸಾಹ ಉಕ್ಕಿತು. ಅವಳ ಪ್ರಾಯಕಾಲದಲ್ಲಿ ಸರ್ಕಾರ ಜನಗಣತಿಗೆ ಹೊರಟಾಗ ಜನ, ಇಷ್ಟೆಲ್ಲ ಪ್ರಶ್ನೆ ಯಾಕೆ, ಕಂಪ್ಯೂಟರಿಗೆ ಹಾಕಿ ಏನು ಮಾಡುತ್ತೀರಿ ಎಂದು ಜಗಳಕ್ಕೆ ನಿಂತರಂತೆ. ಕೋರ್ಟಿಗೆ ಹೋದರಂತೆ. ಮನುಷ್ಯನ ಘನತೆಯನ್ನು ಮುಟ್ಟುವಂತಿಲ್ಲ ಎಂಬುದು ಅವರ ಸಂವಿಧಾನದ ಮೊದಲ ಸಾಲು. ಆ ಹಳೆಯ ಸಾಲಿನಿಂದಲೇ, ತನ್ನ ವಿಷಯ ಯಾರ ಕೈಗೆ ಹೋಗಬೇಕೆಂದು ಹೇಳುವ ಹಕ್ಕು ಮನುಷ್ಯನಿಗೇ ಉಂಟು ಎಂದು ನ್ಯಾಯಾಧೀಶರು ತೆಗೆದು ಕೊಟ್ಟರಂತೆ. "ನಿಮ್ಮಲ್ಲಿ ಜನಗಣತಿಗೆ ಬಂದರೆ ಏನು ಮಾಡುತ್ತೀರಿ?" ಎಂದು ಅಜ್ಜಿ ಕೇಳಿದಳು. ಬಂದ ಟೀಚರಿಗೆ ಪುನರ್ಪುಳಿ ಶರಬತ್ತು ಕೊಟ್ಟು, ಕೇಳಿದ್ದನ್ನೆಲ್ಲ ಹೇಳಿ, ಕೇಳದೆ ಇದ್ದರೂ ಪಕ್ಕದ ಮನೆಯ ವಿಷಯವನ್ನೂ ಬರೆಸುತ್ತೇವೆ ಎಂದೆ. ಅನುವಾದ ಮಾಡಲು ಪೂರ್ಣಿಮಾ ಒಪ್ಪಲಿಲ್ಲ. ಆದರೆ ಆ ದಿನ ಅವಳು ನಕ್ಕಳು. ನನಗೆ ಅಷ್ಟು ಸಾಕಾಯಿತು.

ಊರಿನಿಂದ ಫೋನು

ಲಲಿತಳ ಬಾಯಿಂದ ವಿಷಯ ಹೋಗಿ ಕುಶಾಲಪ್ಪ ಫೋನು ಮಾಡಿದ. ಅವನು ಮಗಳ ನಂಬರಿಗೆ ಮಾಡುವುದಿಲ್ಲ, ನನ್ನದಕ್ಕೆ ಮಾಡುತ್ತಾನೆ. ಮಗಳು ಎರಡು ಮಾರು ದೂರದಲ್ಲಿ ಕೂತು ಕೇಳುತ್ತಿದ್ದರೂ.

"ಅಕ್ಕ, ನೀವು ಬಾಣಂತನಕ್ಕೆ ಹೋದದ್ದಾ, ಕೋರ್ಟಿಗೆ ಹೋದದ್ದಾ?"

"ಎರಡೂ ಒಂದೇ ಕೆಲಸ ಕುಶಾಲಪ್ಪ. ತಾಯಿಯೂ ಮಗುವೂ ಸರಿಯಾಗಿ ಉಳೀಬೇಕು."

"ಜನ ಮರೆತಾಗಿದೆ ಅಕ್ಕ. ಮುಚ್ಚಿಹೋದ್ದನ್ನು ಎಂತಕ್ಕೆ ಅಗೆಯುದು? ಕೋರ್ಟು ಅಂತಾದ್ರೆ ಪುನಃ ಪೇಪರು, ಪುನಃ ಮಾತು. ನಾನು ತಲೆ ಎತ್ತಿ ನಡೀಬೇಕಲ್ಲ."

"ಎಲ್ಲಿ ಮುಚ್ಚಿದ್ದು ಮಾರಾಯ? ಇಲ್ಲಿ ಕೂತು ಒತ್ತಿದ್ರೂ ಕುಣೀತಾ ಬರ್ತದೆ. ಮುಚ್ಚಿದ್ದು ನಿನ್ನ ಬಾಯಿ ಮಾತ್ರ, ಅದೂ ಮಗಳತ್ರ."

"ನೀವು ಸಹಿ ಹಾಕಿದ್ರೆ ನಮ್ಮ ಮನೆಗೆ ಬರುದು ಬೇಡ" ಎಂದ.

ನನಗಿರುವುದು ಒಬ್ಬಳೇ ತಂಗಿ. ಸಂಜೆ ದೀಪ ಹಚ್ಚಿ ದೇವರ ಫೋಟೋದ ಎದುರು ಕೂತೆ. ಸಹಿ ಹಾಕದೆ ಊರಿಗೆ ಹೋದರೆ ತಂಗಿಯ ಮನೆಯಲ್ಲಿ ಊಟ ಸಿಗುತ್ತದೆ, ಈ ಹುಡುಗಿಗೆ ಸಾಕ್ಷಿ ಸಿಗುವುದಿಲ್ಲ. ದೇವರಿಗೆ ಎಲ್ಲವೂ ಕಾಣುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು, ಆ ಮೇಜು ಪೂರ್ತಿ ಅವನಿಗೆ ಕಂಡಿದೆ, ನಾಲ್ಕು ಗ್ಲಾಸು ಸಹಿತ. ಎಲ್ಲ ಕಂಡರೂ ದೇವರು ಯಾರಿಗೂ ಫಾರ್ವರ್ಡ್ ಮಾಡುವುದಿಲ್ಲ. ಅವನ ದೊಡ್ಡತನ ಇರುವುದು ಅಲ್ಲೇ ಎಂದು ಆ ದಿನ ಅರ್ಥವಾಯಿತು. ಸಹಿ ಹಾಕುವುದೆಂದು ಎದ್ದೆ.

ಹೊರಡುವ ದಿನ ಮಗುವಿನ ಫೋಟೋ ಕೇಳಿದೆ, ತಂಗಿಗೆ ತೋರಿಸಲು. ಪೂರ್ಣಿಮಾ ಕುಟುಂಬದ ಗುಂಪಿಗೆ ಅದುವರೆಗೆ ಒಂದೂ ಹಾಕಿರಲಿಲ್ಲ. ಮೋನಪ್ಪ ಮಾವ ನಾಲ್ಕು ಸಲ ಕೇಳಿದ್ದರು. "ಮುಖ ಬೇಡ ದೊಡ್ಡವ್ವ. ಅವಳ ಮುಖ ಅವಳದ್ದು, ಕೇಳ್ಲಿಕ್ಕೆ ಪ್ರಾಯ ಆಗ್ಲಿ" ಎಂದು ಮಗುವಿನ ಬಲಗಾಲಿನ ಪಾದದ ಒಂದು ಫೋಟೋ ತೆಗೆದು ಕೊಟ್ಟಳು.

ಪುತ್ತೂರು

ಊರಿಗೆ ಬಂದ ಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಲು ನೋಟರಿಯಲ್ಲಿಗೆ ಹೊರಟಾಗ ನನ್ನ ಜೊತೆ ಐಸಮ್ಮನೂ ಬಂದಳು. ಬೇಡ, ನಿನಗೆ ತೊಂದರೆ ಎಂದರೆ, "ಕೊಡೆ ನಂದಲ್ವಾ ಗಿರಿಜಕ್ಕ? ಕೊಡೆಯ ಬಗ್ಗೆ ನೀವು ಹೇಗೆ ಹೇಳುದು?" ಎಂದಳು. ಅದೇ ಕೊಡೆಯನ್ನು ಹಿಡಿದುಕೊಂಡೇ ಬಂದಿದ್ದಳು. ಕೊಡೆಗೆ ಹೊಸ ಬಟ್ಟೆ ಹೊಲಿಸಿದ್ದರೂ ಹಿಡಿ ಹಳತೇ.

ನೋಟರಿಗೆ ಆಧಾರ್ ಕಾರ್ಡಿನ ಪ್ರತಿ ಬೇಕಾಗಿತ್ತು. ಜೆರಾಕ್ಸ್ ಅಂಗಡಿಯಲ್ಲಿ ಕೊಟ್ಟು, ಕಾಯುವಾಗ ಪಕ್ಕದ ಗಾಡಿಯಿಂದ ನೆಲಗಡಲೆ ತೆಗೆದುಕೊಂಡೆವು. ಪೊಟ್ಟಣ ಬಿಡಿಸಿದರೆ ಒಳಗೆ ಯಾರೋ ಒಬ್ಬ ಹೆಂಗಸಿನ ಮುಖ, ಅವಳ ಹೆಸರು, ವಿಳಾಸ, ಹುಟ್ಟಿದ ವರ್ಷ, ನಂಬರು. ಜೆರಾಕ್ಸಿನಲ್ಲಿ ಹಾಳಾದ ಪ್ರತಿಗಳೆಲ್ಲ ಗಾಡಿಗೆ ಹೋಗುತ್ತವಂತೆ. ಐಸಮ್ಮ ಗಾಡಿಯವನಿಗೆ, "ನಂದು ಯಾರ ಕಡಲೆಗೆ ಕಟ್ಟಿದ್ದಿ ಮಾರಾಯ?" ಎಂದು ಕೇಳಿದಳು. ಖಾಸಗಿತನದ ಅರ್ಜಿಗೆ ಸಹಿ ಹಾಕಲು ಬಂದ ನಾನು ಆ ಗುರುತಿಲ್ಲದ ಹೆಂಗಸನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡು, ಮನೆಗೆ ಬಂದು ಒಲೆಗೆ ಹಾಕಿದೆ.

ನೋಟರಿಯ ಹತ್ತಿರ ಕೆಲಸಕ್ಕಿದ್ದ ಗುಮಾಸ್ತನಿಗೆ ವಿಷಯ ಹೇಳಿದಾಗ ಅವನು ಮುಖ ಅರಳಿಸಿ, "ಓ, ಅದಾ? ಅದು ನನ್ನತ್ರ ಉಂಟಲ್ಲ" ಎಂದು ಮೊಬೈಲು ತೆಗೆದ. ಆರೇಳು ವರ್ಷದಲ್ಲಿ ಅವನು ಎರಡು ಮೊಬೈಲು ಬದಲಿಸಿದ್ದಾನಂತೆ, ವಿಡಿಯೋ ಜೋಪಾನವಾಗಿ ಜೊತೆಗೆ ಬಂದಿದೆ. ಅವನ ಮೇಜಿನ ಮೇಲೆ ನಾನು ಮೊಣಕೈ ಇಟ್ಟೆ, ಐಸಮ್ಮ ಕೊಡೆ ಇಟ್ಟಳು. ಅವನು ಒಮ್ಮೆ ಪರದೆ ನೋಡಿದ, ಒಮ್ಮೆ ನಮ್ಮನ್ನು ನೋಡಿದ.

"ನೀವಿಬ್ರೂ ಅಲ್ಲೇ ಇದ್ರಾ?"

"ಹೌದು."

"ಮತ್ತೆ ವಿಡಿಯೋದಲ್ಲಿ ಯಾಕೆ ಇಲ್ಲ?"

"ಅದನ್ನೇ ಕೋರ್ಟಿನಲ್ಲಿ ಕೇಳುದು" ಎಂದಳು ಐಸಮ್ಮ. "ಈಗ ಅದನ್ನು ಅಳಿಸು ಮಗ. ಅಳಿಸಿದ್ದು ಹೋಗಿ ಕೂರುವ ಜಾಗ ಒಂದುಂಟಂತೆ, ಅಲ್ಲಿಂದಲೂ." ಟ್ರಾಮ್ ನಿಲ್ದಾಣದ ಪಾಠವನ್ನು ನಾನು ಬಸ್ಸಿನಲ್ಲಿ ಅವಳಿಗೆ ಹೇಳಿದ್ದೆ. ಅವನು ಅಳಿಸಿದ. ನಾವು ನೋಡುತ್ತಾ ನಿಂತೆವು. ಅಳಿಸಿದವರ ಲೆಕ್ಕಕ್ಕೆ ನನಗೆ ಒಬ್ಬ ಸಿಕ್ಕಿದ.

ಮತ್ತೆ ಅರಂತೋಡು

ಅಂತಿಮ ತೀರ್ಪು ಇನ್ನೂ ಬಂದಿಲ್ಲ. ಅಷ್ಟರವರೆಗೆ ಅವಳ ಹೆಸರು ಹುಡುಕಿದರೆ ವಿಡಿಯೋ ತೋರಿಸಕೂಡದೆಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟಿದೆ. ಲಾಯರಮ್ಮ ಹೇಳಿದ ದಿನ ನಾನೇ ಒತ್ತಿ ನೋಡಿದೆ. ಐಸ್‌ಕ್ರೀಂ ಬರಲಿಲ್ಲ. ಅವಳು ಜರ್ಮನ್ ಆಸ್ಪತ್ರೆಯಲ್ಲಿ ಯಾವುದೋ ತರಬೇತಿ ಮುಗಿಸಿದ ಒಂದು ಸಾಲು ಬಂತು. ದೇವರಿಗೆ ಒಂದು ತೆಂಗಿನಕಾಯಿ ಒಡೆದೆ. ಕೋರ್ಟಿನ ಕೈ ಕಂಪೆನಿಗಳವರೆಗೆ ಹೋಗುತ್ತದೆ, ಮೋನಪ್ಪ ಮಾವನ ಮೊಬೈಲಿಗೆ ಹೋಗುವುದಿಲ್ಲ ಎಂದು ಗೊತ್ತುಂಟು. ಅಲ್ಲಿಗೆ ಯಾವ ಸಂವಿಧಾನವೂ ತಲುಪಿದ ಹಾಗೆ ಕಾಣುವುದಿಲ್ಲ. ಕಳೆದ ವಾರವೂ ಅವರು ಆ ಜರ್ಮನ್ ಮಗುವನ್ನು ದೀಪಾವಳಿಯ ಶುಭಾಶಯಕ್ಕೆ ಬಳಸಿದ್ದಾರೆ.

ತಂಗಿಯ ಮನೆಗೆ ಬರುವುದು ಬೇಡ ಎಂದಿದ್ದರು, ಹೋಗಲಿಲ್ಲ. ಅವರೇ ಬಂದರು. ಲಲಿತ ನೆಟ್ಟಗೆ ಅಡುಗೆಮನೆಗೆ ಬಂದು, "ಅಕ್ಕ, ಫೋಟೋ ಉಂಟಾ?" ಎಂದು ಪಿಸುಗುಟ್ಟಿದಳು. ಕುಶಾಲಪ್ಪ ಹೊರಗೆ ಜಗಲಿಯಲ್ಲಿ ನಮ್ಮವರ ಜೊತೆ ರಬ್ಬರಿನ ರೇಟು ಮಾತನಾಡುತ್ತಾ ಕೂತ. ನಾನು ಮೊಬೈಲು ಹಿಡಿದು ಜಗಲಿಗೇ ಬಂದು, ಒಳ್ಳೆ ಬೆಳಕಿನಲ್ಲಿ ಲಲಿತಳಿಗೆ ಪಾದ ತೋರಿಸಿದೆ. ಅವಳು ಬೆರಳಿನಿಂದ ಅದನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಅತ್ತಳು.

ರಬ್ಬರಿನ ಮಾತು ನಿಂತಿತು. ಕುಶಾಲಪ್ಪ ಕನ್ನಡಕ ಹುಡುಕಿ ಹಾಕಿಕೊಂಡ. ಹೆಂಡತಿಯ ಹೆಗಲ ಮೇಲಿನಿಂದ ಬಗ್ಗಿ ತುಂಬ ಹೊತ್ತು ನೋಡಿದ.

"ಹೆಬ್ಬೆರಳಿಗಿಂತ ಪಕ್ಕದ್ದು ಉದ್ದ ಉಂಟು" ಎಂದ. "ನಮ್ಮ ಕಡೆಯದ್ದು."

ಹೆಂಡತಿಯ ಕೈಯಿಂದ ಮೊಬೈಲು ತೆಗೆದುಕೊಂಡು ಬೆರಳಿನಿಂದ ಪಕ್ಕಕ್ಕೆ ಸರಿಸಿ ನೋಡಿದ.

"ಮುಖದ್ದು ಇಲ್ವಾ?"

"ಮುಖ ಕಳಿಸುದಿಲ್ಲಂತೆ" ಎಂದೆ. "ನೋಡ್ಬೇಕಾದವ್ರು ಎದುರು ಹೋಗಿ ನೋಡ್ಲಿಕ್ಕೆ."

ಕುಶಾಲಪ್ಪ ಕಾಫಿ ಕುಡಿದು ಎದ್ದ. ಗೇಟಿನವರೆಗೆ ಹೋದವನು ಚಪ್ಪಲಿ ಸರಿಮಾಡುವ ನೆಪದಲ್ಲಿ ನಿಂತ. ನನ್ನ ಕಡೆ ತಿರುಗಲಿಲ್ಲ, ನಮ್ಮವರ ಹತ್ತಿರ ಕೇಳಿದ.

"ಭಾವ, ಈ ಪಾಸ್‌ಪೋರ್ಟಿಗೆ ಫೋಟೋ ತೆಗೆಸುವಾಗ ಮುಖ ಪೂರ್ತಿ ಕಾಣ್ಬೇಕಾ?"

"ಪೂರ್ತಿ ಕಾಣ್ಬೇಕು" ಎಂದರು ನಮ್ಮವರು. "ತಲೆ ಎತ್ತಿ ಕೂರ್ಬೇಕು."